ಎಂಟನೇ ಸಲಕ್ಕೆ ಆಸ್ಕರ್ ಪಡೆದ ಜೆರಾಲ್ಡಿನ್ ಪೇಜ್ ಅವರ ಹೆಸರು ನಾವೇಕೆ ಕೇಳಿಲ್ಲ?

‘ಜೆರಾಲ್ಡಿನ್ ಪೇಜ್ ಎಂಬ ನಟಿಗೆ ಎಂಟನೇ ನಾಮನಿರ್ದೇಶನದಲ್ಲಿ ಆಸ್ಕರ್ ಸಿಕ್ಕಿತಂತೆ. ಅಷ್ಟು ದೊಡ್ಡ ನಟಿಯಾಗಿದ್ದರೆ ಹೆಸರೇಕೆ ಉಳಿಯಲಿಲ್ಲ? ಅವರ ಯಾವ ಸಿನಿಮಾದಿಂದ ಶುರು ಮಾಡಲಿ?’ ಎಂದು ಕೇಳಿದ್ದೀರಿ.

ದೊಡ್ಡ ನಟಿಯೇ. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನಾನು ಹವ್ಯಾಸಿ ನಾಟಕ ತಂಡವೊಂದರಲ್ಲಿ ಪಾತ್ರ ಮಾಡುವವಳು. ನಟನೆ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ‘ಇವರನ್ನು ನೋಡಿ’ ಎಂದು ಹೇಳುವ ನಾಲ್ಕೈದು ಹೆಸರುಗಳಲ್ಲಿ ಪೇಜ್ ಅವರದೂ ಇರುತ್ತದೆ. ಹೆಸರು ಉಳಿಯದ್ದಕ್ಕೆ ಕಾರಣವೂ ಸರಳ. ಅವರು ನಾಟಕದವರು, ಕೊನೆಯ ವಾರದವರೆಗೂ ನಾಟಕದವರೇ. ಸಿನಿಮಾ ನಡುನಡುವೆ ಬಂದು ಹೋಗುತ್ತಿತ್ತು. ರಂಗದ ಮೇಲೆ ಮಾಡಿದ್ದೆಲ್ಲ ಆ ಸಂಜೆ ಟಿಕೆಟ್ ಕೊಂಡು ಕೂತವರಿಗಷ್ಟೇ ದಕ್ಕಿತು. ಆಸ್ಕರ್ ಪಟ್ಟಿಯೊಂದನ್ನೇ ಹಿಡಿದುಕೊಂಡು ಅವರನ್ನು ಅಳೆಯಲು ಹೊರಟರೆ ಅರ್ಧಕ್ಕಿಂತ ಹೆಚ್ಚು ಕೆಲಸ ಲೆಕ್ಕಕ್ಕೇ ಬರುವುದಿಲ್ಲ.

ಹುಟ್ಟಿದ್ದು 1924ರಲ್ಲಿ, ಮಿಸ್ಸೌರಿ ರಾಜ್ಯದ ಕರ್ಕ್ಸ್‌ವಿಲ್ ಎಂಬ ಊರಿನಲ್ಲಿ. ಚಿಕ್ಕಂದಿನಲ್ಲೇ ಮನೆಯವರು ಷಿಕಾಗೋಗೆ ಬಂದು ನೆಲೆಸಿದರು. ಬಣ್ಣ ಹಚ್ಚಿದ್ದು ಮೊದಲು ಚರ್ಚಿನ ನಾಟಕಗಳಿಗೆ, ಆಮೇಲೆ ಗುಡ್‌ಮನ್ ನಾಟಕ ಶಾಲೆಯಲ್ಲಿ ಕಲಿಕೆ. 1945ರಲ್ಲಿ ಅಲ್ಲಿಂದ ಹೊರಬಿದ್ದ ಮೇಲೆ ಇಲಿನಾಯ್ ಸುತ್ತಮುತ್ತ ಬೇಸಿಗೆ ರಂಗತಂಡಗಳಲ್ಲಿ ವರ್ಷಗಟ್ಟಲೆ ದುಡಿದರು. ನ್ಯೂಯಾರ್ಕ್‌ನಲ್ಲಿ ಹೊಟ್ಟೆಪಾಡಿಗೆ ಕಾರ್ಖಾನೆ ಕೆಲಸ, ಥಿಯೇಟರಿನಲ್ಲಿ ಪ್ರೇಕ್ಷಕರಿಗೆ ಸೀಟು ತೋರಿಸುವ ಕೆಲಸ, ಟೋಪಿ ಕೋಟು ಕಾಯುವ ಕೆಲಸ, ಹೀಗೆ ಸಿಕ್ಕಿದ್ದನ್ನು ಮಾಡಿದರು. ಇಪ್ಪತ್ತೇಳು ವಯಸ್ಸಾದರೂ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಹೇಳಬೇಕು. ನ್ಯೂಯಾರ್ಕ್‌ನ ಗ್ರಿನಿಚ್ ವಿಲೇಜ್ ಬಡಾವಣೆಯ ಶೆರಿಡನ್ ಸ್ಕ್ವೇರ್‌ನಲ್ಲಿ, ಹಿಂದೆ ನೈಟ್‌ಕ್ಲಬ್ ಆಗಿದ್ದ ಜಾಗದಲ್ಲಿ ‘ಸರ್ಕಲ್ ಇನ್ ದ ಸ್ಕ್ವೇರ್’ ಎಂಬ ಪುಟ್ಟ ರಂಗಮಂದಿರ ಶುರುವಾಗಿತ್ತು. ಪರದೆಯಿಲ್ಲ, ಎತ್ತರದ ವೇದಿಕೆಯಿಲ್ಲ. ಪ್ರೇಕ್ಷಕರು ಮೂರು ಕಡೆ ಕೂರುತ್ತಿದ್ದರು, ನಟರು ಅವರ ನಡುವೆಯೇ. 1952ರ ಏಪ್ರಿಲ್‌ನಲ್ಲಿ ನಿರ್ದೇಶಕ ಹೋಸೆ ಕಿಂಟೆರೊ ಅಲ್ಲಿ ಟೆನೆಸ್ಸೀ ವಿಲಿಯಮ್ಸ್ ಅವರ ‘ಸಮ್ಮರ್ ಅಂಡ್ ಸ್ಮೋಕ್’ ಮಾಡಿಸಿದರು. 1948ರಲ್ಲಿ ಬ್ರಾಡ್‌ವೇಯಲ್ಲಿ, ಅಂದರೆ ನ್ಯೂಯಾರ್ಕಿನ ದೊಡ್ಡ ವೃತ್ತಿರಂಗದಲ್ಲಿ, ಸೋತಿದ್ದ ನಾಟಕವದು. ಸೋತ ನಾಟಕ, ಹಣವಿಲ್ಲದ ತಂಡ, ಹೆಸರಿಲ್ಲದ ನಟಿ. ಪೇಜ್ ಮಾಡಿದ್ದು ಆಲ್ಮಾ ಪಾತ್ರ. ಪಾದ್ರಿಯ ಮಗಳು, ಪಕ್ಕದ ಮನೆಯ ಡಾಕ್ಟರ ಮೇಲೆ ಪ್ರಾಣವಿಟ್ಟಿದ್ದರೂ ಬಾಯಿಬಿಟ್ಟು ಹೇಳಲಾರದವಳು, ಕೊನೆಗೆ ಹೇಳುವ ಹೊತ್ತಿಗೆ ಕಾಲ ಮೀರಿರುತ್ತದೆ. ‘ನ್ಯೂಯಾರ್ಕ್ ಟೈಮ್ಸ್’ನ ವಿಮರ್ಶಕ ಬ್ರೂಕ್ಸ್ ಅಟ್ಕಿನ್ಸನ್ ಮನಸಾರೆ ಮೆಚ್ಚಿ ಬರೆದರು, ಜನ ಮುಗಿಬಿದ್ದರು. ಬ್ರಾಡ್‌ವೇಯ ಆಚೆ ಸಣ್ಣ ಜಾಗಗಳಲ್ಲೂ ದೊಡ್ಡ ನಾಟಕ ಸಾಧ್ಯ ಎಂಬ ನಂಬಿಕೆ ನ್ಯೂಯಾರ್ಕಿಗೆ ಬಂದದ್ದು ಈ ಪ್ರಯೋಗದಿಂದ ಎಂದೇ ಅಮೆರಿಕದ ರಂಗ ಇತಿಹಾಸ ಬರೆದವರು ಹೇಳುತ್ತಾರೆ. ಆಫ್-ಬ್ರಾಡ್‌ವೇ ಎಂದು ನಾವು ಇಂದು ಕರೆಯುವುದು ಗಟ್ಟಿಯಾಗಿ ನೆಲೆ ಕಂಡದ್ದು ಅಲ್ಲಿ.

ಆಪ್ತ ರಂಗಮಂದಿರಗಳಲ್ಲಿ ಪಾತ್ರ ಮಾಡಿದವರಿಗೆ ಇದರ ಕಷ್ಟ ಗೊತ್ತು. ಮೊದಲ ಸಾಲಿನವರ ಮೊಣಕಾಲು ನಿಮಗೆ ತಾಗುವಷ್ಟು ಹತ್ತಿರ. ಅಲ್ಲಿ ಸುಳ್ಳು ಉಸಿರು ಬಿಟ್ಟರೂ ಸಿಕ್ಕಿಬೀಳುತ್ತೀರಿ. ಪೇಜ್ ಅವರ ನಟನೆ ಅಂಥ ಜಾಗದಲ್ಲಿ ಹದಗೊಂಡಿತು. ಮುಂದೆ ಕ್ಯಾಮೆರಾ ಎದುರು ಅವರು ಇಷ್ಟು ಸಲೀಸಾಗಿ ನಿಂತದ್ದಕ್ಕೆ ನನ್ನ ಪ್ರಕಾರ ಈ ಹತ್ತಿರದ ಅಭ್ಯಾಸವೇ ಕಾರಣ.

ಹಾಲಿವುಡ್ ಕೂಡಲೇ ಕರೆಯಿತು. 1953ರ ‘ಹೊಂಡೊ’ದಲ್ಲಿ ಜಾನ್ ವೇಯ್ನ್ ಎದುರು ನಾಯಕಿ, ಅದಕ್ಕೇ ಪೋಷಕ ನಟಿ ವಿಭಾಗದಲ್ಲಿ ಮೊದಲ ಆಸ್ಕರ್ ನಾಮನಿರ್ದೇಶನ. ಇಷ್ಟಾದ ಮೇಲೆ ಸಾಲುಸಾಲು ಸಿನಿಮಾ ಬರಬೇಕಿತ್ತು. ಬರಲಿಲ್ಲ. ಅದು ಕಮ್ಯುನಿಸ್ಟರೆಂಬ ಗುಮಾನಿ ಬಿದ್ದವರನ್ನೆಲ್ಲ ಹೊರಗಿಡುತ್ತಿದ್ದ ಕಾಲ. ಪೇಜ್ ನಟನೆ ಕಲಿತ ಗುರು ಉಟಾ ಹಾಗನ್ ಹೆಸರು ಕಪ್ಪುಪಟ್ಟಿಯಲ್ಲಿತ್ತು, ಆ ಒಡನಾಟಕ್ಕೆ ತಮಗೂ ಬಾಗಿಲು ಮುಚ್ಚಿತು ಎಂದು ಪೇಜ್ ಹೇಳಿಕೊಂಡಿದ್ದಾರೆ. ಮುಂದಿನ ಸಿನಿಮಾ ತೆರೆ ಕಂಡದ್ದು 1961ರಲ್ಲಿ. ಇಪ್ಪತ್ತೊಂಬತ್ತರಿಂದ ಮೂವತ್ತೇಳು: ಸಿನಿಮಾ ನಟಿಯೊಬ್ಬರು ತಾರೆಯಾಗುವ ವಯಸ್ಸು ಪೂರ್ತಿ ಹೀಗೆ ಹೋಯಿತು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಈ ಎಂಟು ವರ್ಷಗಳಲ್ಲೇ ಇದೆ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದರೆ ಅವರು ಸುಮ್ಮನೆ ಕೂರಲಿಲ್ಲ. ಬ್ರಾಡ್‌ವೇಯಲ್ಲಿ 1954ರಲ್ಲಿ ಜೇಮ್ಸ್ ಡೀನ್ ಜೊತೆ ‘ದಿ ಇಮ್ಮಾರಲಿಸ್ಟ್’, ಅದೇ ವರ್ಷ ‘ದ ರೇನ್‌ಮೇಕರ್’. 1959ರಲ್ಲಿ ಎಲಿಯಾ ಕಜಾನ್ ನಿರ್ದೇಶನದ ‘ಸ್ವೀಟ್ ಬರ್ಡ್ ಆಫ್ ಯೂತ್’, ಎದುರಿಗೆ ಪಾಲ್ ನ್ಯೂಮನ್. ಪಾತ್ರ ಅಲೆಕ್ಸಾಂಡ್ರಾ ಡೆಲ್ ಲಾಗೊ: ವಯಸ್ಸು ಇಳಿದು, ತೆರೆಯ ಮೇಲೆ ತನ್ನ ಮುಖ ಕಂಡು ಹೆದರಿ ಓಡಿಬಂದ ಸಿನಿಮಾ ತಾರೆ. ತಾರೆಯಾಗಲು ಅವಕಾಶವೇ ಸಿಗದ, ಆಗಿನ್ನೂ ಮೂವತ್ನಾಲ್ಕರ ಪೇಜ್ ಈ ಮುದಿ ತಾರೆಯನ್ನು ರಂಗದ ಮೇಲೆ ಆಳಿದರು. 1961ರಲ್ಲಿ ‘ಸಮ್ಮರ್ ಅಂಡ್ ಸ್ಮೋಕ್’, 1962ರಲ್ಲಿ ‘ಸ್ವೀಟ್ ಬರ್ಡ್’ ಸಿನಿಮಾಗಳಾದಾಗ ಎರಡರಲ್ಲೂ ಅವರೇ ಇದ್ದರು. ಎರಡಕ್ಕೂ ನಾಮನಿರ್ದೇಶನ ಬಂತು. ‘ಸ್ವೀಟ್ ಬರ್ಡ್’ನಲ್ಲಿದ್ದ ನಟ ರಿಪ್ ಟಾರ್ನ್ ಅವರನ್ನು 1963ರಲ್ಲಿ ಮದುವೆಯಾದರು.

ಒಂದು ಮಾತು ಬಚ್ಚಿಡದೆ ಹೇಳುತ್ತೇನೆ. ಆ ಕಾಲದ ವಿಮರ್ಶಕರು ಅವರ ಮೇಲೆ ಹೊರಿಸುತ್ತಿದ್ದ ಆರೋಪ ಅತಿಯಾದ ಹಾವಭಾವದ್ದು. ನಡುಗುವ ಬೆರಳು, ಅರ್ಧಕ್ಕೆ ತುಂಡಾಗುವ ಸಾಲು, ಗಂಟಲಲ್ಲೇ ನಿಲ್ಲುವ ದನಿ. ‘ಸಮ್ಮರ್ ಅಂಡ್ ಸ್ಮೋಕ್’ ಸಿನಿಮಾ ನೋಡಿದಾಗ ನನಗೂ ಅಲ್ಲಲ್ಲಿ ಹಾಗೆ ಅನಿಸುತ್ತದೆ. ಆದರೆ ಅದೇ ಬೆರಳು, ಅದೇ ದನಿ ಇಪ್ಪತ್ತು ವರ್ಷಗಳಲ್ಲಿ ಏನಾಯಿತು ಎಂದು ನೋಡುವುದರಲ್ಲೇ ಈ ನಟಿಯನ್ನು ಹಿಂಬಾಲಿಸುವ ಸುಖವಿದೆ.

ಅರವತ್ತರ, ಎಪ್ಪತ್ತರ ದಶಕಗಳನ್ನು ಬೇಗ ದಾಟುತ್ತೇನೆ. 1964ರಲ್ಲಿ ಆಕ್ಟರ್ಸ್ ಸ್ಟುಡಿಯೋ ಎಂಬ ನಟರ ಸಂಸ್ಥೆ ಆಡಿದ ಚೆಕಾಫ್‌ನ ‘ತ್ರೀ ಸಿಸ್ಟರ್ಸ್’ನಲ್ಲಿ ಹಿರಿಯಕ್ಕ ಓಲ್ಗಾ. ಟ್ರೂಮನ್ ಕಪೋಟಿಯವರ ಬಾಲ್ಯದ ಕಥೆಗಳಿಂದ ಮಾಡಿದ ‘ಎ ಕ್ರಿಸ್‌ಮಸ್ ಮೆಮರಿ’, ‘ದ ಥ್ಯಾಂಕ್ಸ್‌ಗಿವಿಂಗ್ ವಿಸಿಟರ್’ ಎಂಬ ಟಿವಿ ಚಿತ್ರಗಳಿಗೆ ಎರಡು ಎಮ್ಮಿ, ಅಂದರೆ ಅಮೆರಿಕದ ಟಿವಿ ಪ್ರಶಸ್ತಿ. ನಡುವೆ ಹಾಸ್ಯ ಪಾತ್ರಗಳೂ ಇದ್ದವು, ಅವುಗಳಲ್ಲೂ ಎರಡಕ್ಕೆ ಆಸ್ಕರ್ ನಾಮನಿರ್ದೇಶನ.

1978ರ ‘ಇಂಟೀರಿಯರ್ಸ್’ನಲ್ಲಿ ಮಾತ್ರ ನಿಲ್ಲಲೇಬೇಕು. ವುಡಿ ಅಲೆನ್ ನಿರ್ದೇಶನ. ಪೇಜ್ ಮಾಡಿರುವುದು ಈವ್ ಎಂಬ ಗೃಹಾಲಂಕಾರ ತಜ್ಞೆಯ ಪಾತ್ರ. ಹೂದಾನಿ ಒಂದಂಗುಲ ಜರುಗಿದರೂ ಸಹಿಸದವಳು; ಗಂಡ ಬಿಟ್ಟು ಹೋಗುತ್ತಿದ್ದಾನೆ. ಒಂದು ದೃಶ್ಯದಲ್ಲಿ ಆಕೆ ಗ್ಯಾಸ್ ತೆರೆದು ಸಾಯುವ ಮೊದಲು ಕಿಟಕಿಯ ಸಂದುಗಳನ್ನು ಟೇಪಿನಿಂದ ಮುಚ್ಚುತ್ತಾಳೆ. ಸಂಗೀತವಿಲ್ಲ. ಸುರುಳಿಯಿಂದ ಟೇಪು ಹರಿಯುವ ಚರಚರ ಸದ್ದಷ್ಟೇ. ಸಾಯಲು ಹೊರಟಾಗಲೂ ಕೈಕೆಲಸ ಅಚ್ಚುಕಟ್ಟು, ಒಂದೂ ಅಂಚು ಸೊಟ್ಟವಿಲ್ಲ. ಹಿಂದೆ ಅತಿ ಎನಿಸಿದ್ದ ಕೈಗಳು ಇಲ್ಲಿ ಕಥೆಯ ಇಡೀ ಭಾರ ಹೊತ್ತಿವೆ. ಇನ್ನೊಂದು ಕಡೆ, ಚರ್ಚಿನೊಳಗೆ ಗಂಡ ವಿಚ್ಛೇದನದ ಮಾತೆತ್ತಿದಾಗ, ಸಾಲಾಗಿ ಉರಿಯುತ್ತಿದ್ದ ಮೇಣದ ದೀಪಗಳನ್ನು ತೋಳಿನಿಂದ ಒಮ್ಮೆಲೇ ಬಾಚಿ ಕೆಡವುತ್ತಾಳೆ. ಅಲ್ಲಿಯವರೆಗೆ ಅಷ್ಟು ಬಿಗಿಹಿಡಿದಿದ್ದರಿಂದಲೇ ನಮ್ಮ ಎದೆ ಧಸಕ್ಕೆನ್ನುತ್ತದೆ.

1984ರ ‘ದ ಪೋಪ್ ಆಫ್ ಗ್ರಿನಿಚ್ ವಿಲೇಜ್’ನಲ್ಲಿ ಅವರು ಇರುವುದು ಕೆಲವೇ ನಿಮಿಷ. ಸತ್ತುಹೋದ ಲಂಚಕೋರ ಪೊಲೀಸನೊಬ್ಬನ ತಾಯಿ. ಮನೆಗೆ ಬಂದ ಪೊಲೀಸರ ಎದುರು ಸಿಗರೇಟು ಹಿಡಿದು, ಒರಟು ದನಿಯಲ್ಲಿ ಮಗನ ಪರ ನಿಲ್ಲುತ್ತಾಳೆ. ಅಷ್ಟಕ್ಕೇ ಏಳನೇ ನಾಮನಿರ್ದೇಶನ ಬಂತು. ಸಣ್ಣ ಪಾತ್ರ ಸಿಕ್ಕಿತೆಂದು ಮುಖ ಸಣ್ಣ ಮಾಡುವ ನಮ್ಮ ತಂಡದ ಹುಡುಗರಿಗೆ ನಾನು ತೋರಿಸುವುದು ಇದನ್ನೇ.

ಇನ್ನು ‘ದ ಟ್ರಿಪ್ ಟು ಬೌಂಟಿಫುಲ್’, 1985. ಹಾರ್ಟನ್ ಫುಟ್ ಬರೆದದ್ದು, ಪೀಟರ್ ಮಾಸ್ಟರ್‌ಸನ್ ನಿರ್ದೇಶನ. 1940ರ ದಶಕದ ಹ್ಯೂಸ್ಟನ್. ಮಿಸೆಸ್ ವಾಟ್ಸ್ ಮಗ ಸೊಸೆಯ ಜೊತೆ ಇಕ್ಕಟ್ಟಿನ ಮನೆಯಲ್ಲಿದ್ದಾಳೆ. ಅತ್ತೆ ಭಕ್ತಿಗೀತೆ ಗುನುಗಿದರೆ ಸೊಸೆಗೆ ಆಗದು. ಮಗ ಇಬ್ಬರ ನಡುವೆ ಹಣ್ಣಾಗಿದ್ದಾನೆ. ಮುದುಕಿಗೆ ಸಾಯುವ ಮುಂಚೆ ಬೌಂಟಿಫುಲ್ ಎಂಬ ತನ್ನ ಹುಟ್ಟೂರು ನೋಡಬೇಕು. ಪಿಂಚಣಿ ಚೆಕ್ಕನ್ನು ಸೊಸೆಯ ಕಣ್ಣಿಗೆ ಬೀಳದಂತೆ ಬಚ್ಚಿಟ್ಟುಕೊಂಡು ಹೊರಟೇಬಿಡುತ್ತಾಳೆ. ರೈಲು ನಿಲ್ದಾಣದಲ್ಲಿ ಆ ಊರಿಗೆ ರೈಲೇ ಇಲ್ಲ ಎನ್ನುತ್ತಾರೆ. ಬಸ್ಸು ಹಿಡಿಯುತ್ತಾಳೆ.

ಪ್ರಯಾಣದಲ್ಲಿ ಜೊತೆಯಾದ ಸೈನಿಕನ ಎಳೆಯ ಹೆಂಡತಿಗೆ ಆಕೆ ತನ್ನ ಕಥೆ ಹೇಳುವುದನ್ನು ಗಮನವಿಟ್ಟು ನೋಡಿ. ಪ್ರೀತಿಸಿದವನನ್ನು ಮದುವೆಯಾಗಲು ತಂದೆ ಬಿಡಲಿಲ್ಲ. ಮದುವೆಯಾದ ಗಂಡನನ್ನು ತಾನು ಗೌರವಿಸಿದೆ, ಪ್ರೀತಿಸಲಿಲ್ಲ. ನಮ್ಮಲ್ಲಿ ಯಾವುದೋ ಅಜ್ಜಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು, ಗುರುತು ಪರಿಚಯವಿಲ್ಲದವರಿಗೆ ಇಡೀ ಬದುಕು ಹೇಳಿಬಿಡುತ್ತಾರಲ್ಲ, ಹಾಗೆ ಹೇಳುತ್ತಾಳೆ. ನಮ್ಮ ಕನಿಕರ ಗಿಟ್ಟಿಸಲು ಎಲ್ಲೂ ನೋಡುವುದಿಲ್ಲ. ಸಂಭಾಷಣೆಯನ್ನು ‘ಒಪ್ಪಿಸದೆ’ ಆಡುವುದು ಹೇಗೆ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

1986ರ ಮಾರ್ಚ್‌ನ ಆಸ್ಕರ್ ರಾತ್ರಿಯ ಬಗ್ಗೆ ಬಹಳ ಜನಕ್ಕೆ ತಿಳಿಯದ ಸಂಗತಿಯೊಂದಿದೆ. 1982ರಲ್ಲಿ ಬ್ರಾಡ್‌ವೇಯಲ್ಲಿ ‘ಆಗ್ನೆಸ್ ಆಫ್ ಗಾಡ್’ ನಾಟಕದ ಮಠಾಧಿಕಾರಿಣಿ ಮದರ್ ಮಿರಿಯಮ್ ಪಾತ್ರವನ್ನು ಮಾಡಿದ್ದವರು ಪೇಜ್. ಸಿನಿಮಾ ಆದಾಗ ಆ ಪಾತ್ರ ಆ್ಯನ್ ಬ್ಯಾಂಕ್ರಾಫ್ಟ್ ಅವರ ಪಾಲಾಯಿತು. ಆ ರಾತ್ರಿ ಶ್ರೇಷ್ಠ ನಟಿ ವಿಭಾಗದಲ್ಲಿ ಬ್ಯಾಂಕ್ರಾಫ್ಟ್ ಆ ಪಾತ್ರಕ್ಕೆ, ಪೇಜ್ ‘ಬೌಂಟಿಫುಲ್’ಗೆ. ಜೊತೆಗೆ ಮೆರಿಲ್ ಸ್ಟ್ರೀಪ್, ಜೆಸ್ಸಿಕಾ ಲ್ಯಾಂಗ್, ವೂಪಿ ಗೋಲ್ಡ್‌ಬರ್ಗ್. ಲಕೋಟೆ ತೆರೆದ ಎಫ್. ಮುರ‍್ರೆ ಅಬ್ರಹಾಂ, ಹೆಸರು ಓದುವ ಮುನ್ನ, ಈಕೆಯನ್ನು ಇಂಗ್ಲಿಷ್ ಭಾಷೆಯ ಅತ್ಯಂತ ಶ್ರೇಷ್ಠ ನಟಿ ಎಂದು ನಾನು ಭಾವಿಸುತ್ತೇನೆ ಎಂದುಬಿಟ್ಟರು. ಪೇಜ್ ಅಷ್ಟರಲ್ಲಿ ಚಪ್ಪಲಿ ಕಳಚಿಟ್ಟು ಕೂತಿದ್ದರು. ಸೀಟಿನ ಕೆಳಗೆ ಹುಡುಕಿ ಹಾಕಿಕೊಂಡು ವೇದಿಕೆಗೆ ಹೋಗಬೇಕಾಯಿತು.

ಗೆದ್ದ ಮೇಲೆ ಏನು ಮಾಡಿದರು? ನಾಟಕವನ್ನೇ. ಆ ವರ್ಷಗಳಲ್ಲಿ ಅವರು ನ್ಯೂಯಾರ್ಕ್‌ನ ‘ಮಿರರ್’ ಎಂಬ ಸಣ್ಣ ರೆಪರ್ಟರಿ ತಂಡದ ಜೊತೆಗಿದ್ದರು, ನಟನೆ ಕಲಿಸುತ್ತಿದ್ದರು. 1987ರಲ್ಲಿ ಬ್ರಾಡ್‌ವೇಯ ನೀಲ್ ಸೈಮನ್ ಥಿಯೇಟರಿನಲ್ಲಿ ‘ಬ್ಲೈದ್ ಸ್ಪಿರಿಟ್’ ಎಂಬ ಹಾಸ್ಯ ನಾಟಕದಲ್ಲಿ ಸತ್ತವರ ಆತ್ಮ ಕರೆಸುವ ಮೇಡಮ್ ಆರ್ಕಾಟಿ ಆದರು. ಆ ಪಾತ್ರ ಅವರಿಗೆ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಯ ನಾಲ್ಕನೇ ನಾಮನಿರ್ದೇಶನ ತಂದುಕೊಟ್ಟಿತು. ಟೋನಿ ಮಾತ್ರ ಒಮ್ಮೆಯೂ ಸಿಗಲಿಲ್ಲ. ಅದೇ ಜೂನ್ 13ರಂದು, ನಾಟಕ ಇನ್ನೂ ನಡೆಯುತ್ತಿದ್ದಾಗಲೇ, ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 62.

ಎಲ್ಲಿಂದ ಶುರು ಮಾಡಬೇಕು ಎಂದಿರಿ. ‘ಬೌಂಟಿಫುಲ್’ನಿಂದಲೇ ಮಾಡಿ, ಮನೆಯ ಹಿರಿಯರನ್ನೂ ಕೂರಿಸಿಕೊಳ್ಳಿ. ಆಮೇಲೆ ‘ಇಂಟೀರಿಯರ್ಸ್’, ಮನಸ್ಸು ಭಾರವಾಗಿರುವ ದಿನ ಅದು ಬೇಡ. ‘ಎ ಕ್ರಿಸ್‌ಮಸ್ ಮೆಮರಿ’ ಎಲ್ಲಾದರೂ ಸಿಕ್ಕರೆ ಬಿಡಬೇಡಿ. ‘ಸ್ವೀಟ್ ಬರ್ಡ್’ ಕೊನೆಗಿಟ್ಟುಕೊಳ್ಳಿ. ವಯಸ್ಸಾದ ಪೇಜ್ ಅವರನ್ನು ಮೊದಲು ಕಂಡು ಬಂದರೆ, ಆ ಎಳೆಯ ಪೇಜ್ ಮುಪ್ಪನ್ನು ಎಷ್ಟು ಸರಿಯಾಗಿ ಊಹಿಸಿದ್ದರು ಎಂಬುದು ಥಟ್ಟನೆ ಕಾಣುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಡಿಸ್ನಿಯ ‘ದ ರೆಸ್ಕ್ಯೂಯರ್ಸ್’ ಹಾಕಿ. ವಜ್ರಕ್ಕಾಗಿ ಅನಾಥ ಹುಡುಗಿಯನ್ನು ಗೋಳುಹೊಯ್ದುಕೊಳ್ಳುವ ಮೇಡಮ್ ಮೆಡೂಸಾಳ ದನಿ ಅವರದೇ.