ಹಳೆಯ ಪತ್ರಗಳ ಮೇಲಿನ ಸ್ಟಾಂಪನ್ನು ಹಾಳಾಗದಂತೆ ಬಿಡಿಸುವುದು ಹೇಗೆ?

ಅಜ್ಜನ ಟ್ರಂಕಿನಲ್ಲಿ 1940ರ ದಶಕದ ಕೊನೆಯಿಂದ 70ರ ದಶಕದವರೆಗಿನ ಪತ್ರಗಳ ಕಂತೆ ಸಿಕ್ಕಿದೆ, ಸ್ಟಾಂಪುಗಳನ್ನು ಬಿಡಿಸಿ ಆಲ್ಬಮ್ಮಿಗೆ ಹಾಕಬೇಕು ಎಂದು ಕೇಳಿದ್ದೀರಿ. ಬಿಡಿಸುವುದೇನೂ ಕಷ್ಟವಲ್ಲ. ಯಾವುದನ್ನು ಬಿಡಿಸಬಾರದು ಎನ್ನುವುದು ಮೊದಲು ತೀರ್ಮಾನವಾಗಲಿ, ಕತ್ತರಿ ಆಮೇಲೆ.

ಒಂದು ಲಕೋಟೆ ಕೈಗೆತ್ತಿಕೊಂಡು ನೋಡಿ. ಅಂಚೆ ಮೊಹರು ಅರ್ಧ ಸ್ಟಾಂಪಿನ ಮೇಲೆ, ಅರ್ಧ ಕಾಗದದ ಮೇಲೆ ಬಿದ್ದಿರುತ್ತದೆ. ಸ್ಟಾಂಪು ಕತ್ತರಿಸಿದಿರೋ, ಊರಿನ ಹೆಸರು ಎರಡು ತುಂಡು. ಹಿಂಬದಿಯಲ್ಲಿ ಪತ್ರ ತಲುಪಿದ ಊರಿನ ಮೊಹರೂ ಇದ್ದರೆ, ಎರಡು ತಾರೀಖು ಸೇರಿಸಿ ಓದಿದಾಗ ಕಾಗದ ಎಷ್ಟು ದಿನ ಪ್ರಯಾಣ ಮಾಡಿತೆಂದು ಗೊತ್ತಾಗುತ್ತದೆ. ಕೆಲವದರ ಮೇಲೆ ರೈಲ್ವೆ ಅಂಚೆ ಸೇವೆಯ (ಆರ್‌ಎಂಎಸ್) ಮೊಹರು, ಸ್ಟಾಂಪು ಕಡಿಮೆ ಬಿದ್ದದ್ದಕ್ಕೆ ದಂಡ ಹಾಕಿದ ಗುರುತು ಸಿಗುತ್ತವೆ. ಇಂಥ ಲಕೋಟೆ ಇಡಿಯಾಗಿಯೇ ಇರಲಿ. ಸಾಮಾನ್ಯ ಸ್ಟಾಂಪು ಬಿಡಿಯಾಗಿ ಕೆಲವು ರೂಪಾಯಿಗೂ ಹೋಗುವುದಿಲ್ಲ. ಸ್ಪಷ್ಟ ಮೊಹರಿರುವ ಲಕೋಟೆಯನ್ನು ಹುಡುಕಿ ಕೊಳ್ಳುವವರಿದ್ದಾರೆ.

ಕಾರ್ಡು ಮತ್ತು ಇನ್‌ಲ್ಯಾಂಡ್ ಲೆಟರನ್ನು ಮುಟ್ಟಲೇಬೇಡಿ. ಅವುಗಳ ಮೇಲಿನ ಸ್ಟಾಂಪು ಅಂಟಿಸಿದ್ದಲ್ಲ, ಕಾಗದದ ಮೇಲೇ ಅಚ್ಚಾದದ್ದು. ನೆನೆಸಿದರೆ ಏನೂ ಬರುವುದಿಲ್ಲ, ಕತ್ತರಿಸಿದರೆ ಎರಡೂ ಹೋದವು.

ಇನ್ನು ಎರಡು ಬಗೆಯ ಸ್ಟಾಂಪುಗಳನ್ನು ಹುಡುಕಿ, ಲಕೋಟೆ ಸಮೇತ ಬೇರೆ ಇಡಿ. 1948ರ ಆಗಸ್ಟ್ 15ರಂದು ಬಂದ ಗಾಂಧಿ ಸ್ಟಾಂಪುಗಳು ನಾಲ್ಕು: 1½ ಆಣೆ, 3½ ಆಣೆ, 12 ಆಣೆ, 10 ರೂಪಾಯಿ. ಮನೆಯ ಪತ್ರಗಳಲ್ಲಿ 1½ ಆಣೆಯದು ಸಿಕ್ಕೀತು, 10 ರೂಪಾಯಿಯದರ ಆಸೆ ಬೇಡ. ಎರಡನೆಯದು, 1971ರ ಕೊನೆಯಲ್ಲಿ ಬಾಂಗ್ಲಾ ನಿರಾಶ್ರಿತರ ನೆರವಿಗೆಂದು ಪತ್ರಗಳಿಗೆ ಕಡ್ಡಾಯ ಮಾಡಿದ ಹೆಚ್ಚುವರಿ 5 ಪೈಸೆ ಸ್ಟಾಂಪು. ಹೊಸದು ಅಚ್ಚಾಗಿ ಬರುವವರೆಗೆ ಕುಟುಂಬ ಯೋಜನೆಯ 5 ಪೈಸೆ ಸ್ಟಾಂಪಿನ ಮೇಲೆ ‘ರೆಫ್ಯೂಜಿ ರಿಲೀಫ್’ ಎಂದು ಒತ್ತಿ ಬಳಸಿದರು. ಬೆಂಗಳೂರೂ ಸೇರಿ ಕೆಲವು ಊರುಗಳಲ್ಲಿ ಅದನ್ನು ಸ್ಥಳೀಯವಾಗಿಯೇ ಒತ್ತಿದ್ದರು. ಆ ಶಾಯಿಯನ್ನು ನೀರಿನಲ್ಲಿ ಪರೀಕ್ಷೆ ಮಾಡುವ ಸಾಹಸ ಬೇಡ.

ಮೊಹರು ಮಸುಕಾಗಿ ವರ್ಷ ಕಾಣದಿದ್ದರೆ ಅಂದಾಜಿಗೆ ದಾರಿಯಿದೆ. ಸ್ಟಾಂಪಿನ ಬೆಲೆ ಆಣೆಯಲ್ಲಿದ್ದರೆ ಅದು 1957ರ ಏಪ್ರಿಲ್‌ಗಿಂತ ಹಿಂದೆ ಅಚ್ಚಾದದ್ದು, ನಯೇ ಪೈಸೆ ಇದ್ದರೆ ಆಮೇಲಿನದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ಪತ್ರ 1972ರ ಆಗಸ್ಟ್ 15ರ ನಂತರದ್ದೇ.

ಇಷ್ಟೆಲ್ಲ ತೆಗೆದಿಟ್ಟ ಮೇಲೆ, ಮೊಹರು ಕಲೆಸಿಹೋದ, ಒಂದೇ ಬಗೆಯ ಸ್ಟಾಂಪಿರುವ ಲಕೋಟೆಗಳು ಉಳಿಯುತ್ತವೆ. ನೆನೆಸಲು ಅವೇ ಸರಿ.

ಸ್ಟಾಂಪಿನ ಸುತ್ತ ಒಂದು ಸೆಂಟಿಮೀಟರ್ ಕಾಗದ ಬಿಟ್ಟು ಕತ್ತರಿಸಿ. ಹಲ್ಲಿನಂಚಿಗೆ ಕತ್ತರಿ ತಗುಲಿ ಒಂದು ಹಲ್ಲು ಹೋದರೂ ಸ್ಟಾಂಪು ಊನವೇ. ಕೆಂಪು, ಹಸಿರು, ಖಾಕಿ ಲಕೋಟೆಯ ತುಂಡುಗಳನ್ನು ಬೇರೆ ಇಡಿ; ಬಣ್ಣ ಬಿಟ್ಟು ಉಳಿದವನ್ನೂ ಕೆಡಿಸುತ್ತವೆ. ಅವನ್ನು ತಣ್ಣೀರಿನಲ್ಲಿ ಒಂದೊಂದೇ ನೆನೆಸಿ, ನೀರು ಬಣ್ಣ ತಿರುಗಿದ ಕೂಡಲೇ ಬದಲಿಸಿ. ಪೆನ್ನಿನ ಶಾಯಿ, ನೇರಳೆ ಮೊಹರು ಇರುವ ತುಂಡುಗಳಿಗೂ ಇದೇ ಎಚ್ಚರಿಕೆ.

ಅಗಲವಾದ ಪಿಂಗಾಣಿ ತಟ್ಟೆಯಲ್ಲಿ ಎರಡು ಬೆರಳು ಎತ್ತರ ತಣ್ಣೀರು ಅಥವಾ ಉಗುರು ಬೆಚ್ಚಗಿನ ನೀರು ಸಾಕು. ಚಿತ್ರ ಮೇಲಾಗಿ ತೇಲಿಬಿಡಿ, ಒಂದು ಸಲಕ್ಕೆ ಹತ್ತು ಹನ್ನೆರಡು. ಹದಿನೈದು ಇಪ್ಪತ್ತು ನಿಮಿಷಕ್ಕೆ ಹೆಚ್ಚಿನವು ತಾವಾಗಿ ಜಾರುತ್ತವೆ. ಜಾರದಿದ್ದರೆ ಕಾಯಿರಿ, ಎಳೆಯಬೇಡಿ. ಎಳೆದಾಗ ಹಿಂಬದಿಯ ಒಂದು ಪದರ ಸಿಪ್ಪೆಯಂತೆ ಲಕೋಟೆಯಲ್ಲೇ ಉಳಿದುಬಿಡುತ್ತದೆ. ಮುಂದಿನಿಂದ ನೋಡಿದರೆ ತಿಳಿಯದು, ಬೆಳಕಿಗೆ ಹಿಡಿದರೆ ಅಲ್ಲಿ ಮಾತ್ರ ತೆಳ್ಳಗೆ ಹೊಳೆಯುತ್ತದೆ. ಮೈದಾ ಅಂಟಿನಲ್ಲೋ ಅನ್ನದ ಅಗುಳಿನಲ್ಲೋ ಅಂಟಿಸಿದ್ದಾದರೆ (ಅಂಥವು ಬೇಕಾದಷ್ಟು ಸಿಗುತ್ತವೆ) ಒಂದು ಗಂಟೆಯೂ ಹಿಡಿದೀತು. ಹಬೆ ಹಿಡಿಯುವ ಉಪಾಯ ನನಗೆ ಒಪ್ಪಿಗೆಯಿಲ್ಲ. ಕಾಗದ ಸುರುಳಿ ಸುತ್ತುತ್ತದೆ, ಕೈಯೂ ಸುಡುತ್ತದೆ.

ಬಿಟ್ಟ ಸ್ಟಾಂಪಿನ ಹಿಂಬದಿ ಲೋಳೆಲೋಳೆಯಾಗಿರುತ್ತದೆ. ಬೇರೆ ಶುದ್ಧ ನೀರಿಗೆ ಹಾಕಿ ಬೆರಳ ತುದಿಯಿಂದ ಹಗುರವಾಗಿ ಸವರಿ, ಜಾರುವುದು ನಿಂತರೆ ಗೋಂದು ಹೋಗಿದೆ ಎಂದರ್ಥ. ಒದ್ದೆ ಸ್ಟಾಂಪಿಗೆ ಶಕ್ತಿಯೇ ಇರುವುದಿಲ್ಲ, ಮೂಲೆ ಹಿಡಿದು ಎತ್ತಿದರೆ ಮೂಲೆಯಷ್ಟೇ ಕೈಗೆ ಬರುತ್ತದೆ. ಚಪ್ಪಟೆ ತುದಿಯ ಚಿಮಟದಿಂದ ನಡುಭಾಗ ಹಿಡಿದೆತ್ತಿ, ಚಿತ್ರ ಕೆಳಗಾಗಿ ಬ್ಲಾಟಿಂಗ್ ಪೇಪರಿನ ಮೇಲೆ ಮಲಗಿಸಿ. ಗೋಂದು ಉಳಿದಿದ್ದರೂ ಆಗ ಕಾಗದಕ್ಕೆ ಅಂಟದು. ನ್ಯೂಸ್‌ಪೇಪರ್ ಬೇಡ, ಅದರ ಮಸಿ ಹತ್ತುತ್ತದೆ. ಅರ್ಧ ಗಂಟೆಯಲ್ಲಿ ನೀರಿನ ಹೊಳಪು ಹೋಗುತ್ತದೆ. ಪೂರ್ತಿ ಒಣಗುವ ಮೊದಲೇ ಎರಡು ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ, ಒಂದು ದಿನ ಹಾಗೇ ಬಿಡಿ. ಫ್ಯಾನ್ ಗಾಳಿಗೆ ಒಣಗಿಸಿದರೆ ಹಪ್ಪಳದಂತೆ ಮುದುರಿಕೊಳ್ಳುತ್ತವೆ.

ಪತ್ರಗಳ ಬಗ್ಗೆಯೂ ಎರಡು ಮಾತು. ತಂತಿಗೆ ಚುಚ್ಚಿಟ್ಟ ಕಾಗದಗಳ ನಡುವೆ ತೂತು, ಸುತ್ತ ತುಕ್ಕಿನ ಕಲೆ ಇರುತ್ತದೆ. ಅದು ಹಾಗೇ ಇರಲಿ. ಗುಂಡುಪಿನ್ನು, ಸ್ಟೇಪಲ್ ಪಿನ್ ಇದ್ದರೆ ಇವತ್ತೇ ತೆಗೆಯಿರಿ. ಹರಿದಲ್ಲಿ ಸೆಲ್ಲೋಟೇಪ್ ಹಾಕಬೇಡಿ, ಕೆಲವು ವರ್ಷದಲ್ಲಿ ಟೇಪು ಉದುರಿ ಹಳದಿ ಕಲೆ ಮಾತ್ರ ಉಳಿಯುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ, ಅದನ್ನು ಬಿಡಿಸುವ ದಾರಿಯಿಲ್ಲ.

ಕರಾವಳಿ ಅಥವಾ ಮಲೆನಾಡಿನವರಾದರೆ ಈ ಕೆಲಸ ಮಳೆಗಾಲದಲ್ಲಿ ಬೇಡ. ಸರಿಯಾಗಿ ಒಣಗದ ಸ್ಟಾಂಪಿಗೆ ಬೂಷ್ಟು ಹಿಡಿದು ಕಂದು ಚುಕ್ಕೆ ಬೀಳುತ್ತದೆ. ಕಂತೆಯಲ್ಲಿ ಬಳಸದೇ ಉಳಿದ, ಹಿಂದೆ ಗೋಂದು ಇರುವ ಸ್ಟಾಂಪು ಸಿಕ್ಕರೆ ಅದಕ್ಕೆ ನೀರು ಸೋಕಿಸಲೇಬೇಡಿ. ಅದರ ಬೆಲೆಯ ದೊಡ್ಡ ಪಾಲು ಆ ಗೋಂದಿನಲ್ಲೇ ಇದೆ.