ಡಾಗ್ ಮೌಂಟನ್‌ಗೆ ಸ್ಪೋರ್ಟ್ಸ್ ಶೂ ಸಾಕಾ?

ಕೆನಡಾದ ವ್ಯಾಂಕೂವರ್ ಹತ್ತಿರ ಮೊದಲ ಸಲ ಹಿಮದಲ್ಲಿ ನಡೆಯಲು ಡಾಗ್ ಮೌಂಟನ್ ಸರಿಯಾ, ಸ್ಪೋರ್ಟ್ಸ್ ಶೂ ಸಾಕಾ ಅಂತ ಕೇಳಿದ್ದೀರಿ. ಜಾಗ ಸರಿಯೇ, ಶೂ ಸಾಲದು. ಮೌಂಟ್ ಸೀಮೋರ್ ಪಾರ್ಕಿಂಗಿನಿಂದ ಹೋಗಿ ಬರಲು ಸುಮಾರು 5 ಕಿ.ಮೀ., ಏರು ಕಡಿಮೆ. ಆದರೆ ಜನ ತುಳಿದು ತುಳಿದು ಹಿಮ ಗಟ್ಟಿಯಾಗಿ, ಇಳಿಯುವಾಗ ಸಿಕ್ಕಾಪಟ್ಟೆ ಜಾರುತ್ತದೆ. ನೀರಿಳಿಯದ ಬೂಟಿಗೆ ಮೈಕ್ರೋಸ್ಪೈಕ್, ಅಂದರೆ ಜಾರದಂತೆ ಅಡಿಗೆ ಸಿಕ್ಕಿಸುವ ಸಣ್ಣ ಮೊಳೆಗಳ ಸರಪಳಿ, ಹಾಕಿಕೊಳ್ಳಿ. ಹೊಸ ಹಿಮ ಜಾಸ್ತಿ ಬಿದ್ದಿದ್ದರೆ ಸ್ನೋಶೂ, ಅಂದರೆ ಕಾಲು ಹೂತುಹೋಗದಂತೆ ಬೂಟಿಗೆ ಕಟ್ಟುವ ಅಗಲ ಹಲಗೆ. ಒಳಗೆ ಹತ್ತಿ ಬನಿಯನ್ ಬೇಡವೇ ಬೇಡ. ಬೆವರಿಗೆ ಒದ್ದೆಯಾದರೆ ನಿಂತ ಕೂಡಲೇ ನಡುಕ ಶುರು. ಡಿಸೆಂಬರಿನಲ್ಲಿ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ, ಹೆಡ್‌ಲ್ಯಾಂಪ್ ಇರಲಿ. ತುದಿಯ ಬಂಡೆಯಿಂದ ಇಡೀ ಊರು ಕಾಣುತ್ತದೆ, ಮೋಡ ಇಲ್ಲದಿದ್ದರೆ! ಅಲ್ಲಿ ಚಕ್ಕುಲಿ ಪೊಟ್ಟಣ ಬಿಚ್ಚಿದರೆ ಹಕ್ಕಿಗಳು ಹತ್ತಿರವೇ ಬರುತ್ತವೆ, ಸುಮ್ನೆ ಹಾಕಬೇಡಿ. ಹೊರಡುವ ಮುಂಚೆ ಪಾರ್ಕಿಗೆ ಆ ದಿನದ ಪ್ರವೇಶ ಚೀಟಿ (ಡೇ ಪಾಸ್) ಬೇಕಾ ನೋಡಿಕೊಳ್ಳಿ. ಕಾರಿಗೆ ವಿಂಟರ್ ಟೈರ್ ಇದೆ ಅಲ್ವಾ?