ಬಲೆ ಸಿಕ್ಕಿ ನಿಂತ ಜೆಟ್ ಬೋಟು ಈಗ ಸ್ಟಾರ್ಟ್ ಮಾಡುವಾಗ ಹಿಂದಕ್ಕೆ ಒದೆಯುತ್ತದೆ. ಕಿಡಿ ಹಾರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಅಂದರೆ ಸಿಡಿಐ, ಬದಲಿಸಬೇಕೇ?

ಬದಲಿಸಬೇಡಿ. ಮೊದಲು ಮ್ಯಾಗ್ನೆಟ್ (ಎಂಜಿನ್ ತುದಿಯಲ್ಲಿ ತಿರುಗುವ, ಅಯಸ್ಕಾಂತ ಕೂರಿಸಿದ ಚಕ್ರ) ಬಿಚ್ಚಿ ಅದರ ಕೀ ನೋಡಿ.

ನೀವು ಬರೆದದ್ದನ್ನು ಎರಡು ಸಲ ಓದಿದೆ. ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್. ಕೊಪ್ಪಳದ ಕಡೆಯ ತುಂಗಭದ್ರಾ ಹಿನ್ನೀರಿನಲ್ಲಿ ಓಡಿಸುವಾಗ ಮೀನಿನ ಬಲೆಯ ತುಂಡು ಸಿಕ್ಕಿ ಗಕ್ಕನೆ ನಿಂತಿತು. ಬಲೆ ಬಿಡಿಸಿದ ಮೇಲೆ ಸ್ಟಾರ್ಟ್ ಮಾಡಿದರೆ ಹಿಂದಕ್ಕೆ ಒದೆಯುತ್ತದೆ, ಥ್ರಾಟಲ್ ಕೊಟ್ಟರೆ ಲೋಹ ಬಡಿದಂತೆ ಸದ್ದು ಬರುತ್ತದೆ, ವೇಗ ಏರುವುದಿಲ್ಲ. ಪ್ಲಗ್ಗು, ಕಾಯಿಲ್ಲು ಬದಲಿಸಿದ್ದಾಗಿದೆ. ಟೈಮಿಂಗ್ ಲೈಟಿನಲ್ಲಿ (ಕಿಡಿ ಹಾರಿದಾಗಲೆಲ್ಲ ಮಿನುಗಿ ಗುರುತು ತೋರಿಸುವ ದೀಪ) ನೋಡಿದ ಮೆಕ್ಯಾನಿಕ್ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಸರಿಯಾಗಿದೆ ಎಂದಿದ್ದಾರೆ. ಈ ಕೊನೆಯ ಮಾತೇ ನಿಮ್ಮನ್ನು ದಾರಿ ತಪ್ಪಿಸಿದೆ.

ಇಂಥ ಬೋಟಿನಲ್ಲಿ ಕ್ಲಚ್ಚಿಲ್ಲ, ಗೇರಿಲ್ಲ. ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕ್ ತಿರುಗಿದರೆ ನೀರು ತಳ್ಳುವ ಇಂಪೆಲ್ಲರ್ ತಿರುಗುತ್ತದೆ, ಇಂಪೆಲ್ಲರ್ ಸಿಕ್ಕಿಕೊಂಡರೆ ಕ್ರ್ಯಾಂಕ್ ಆ ಕ್ಷಣವೇ ನಿಲ್ಲುತ್ತದೆ. ಆದರೆ ಕ್ರ್ಯಾಂಕಿನ ತುದಿಯಲ್ಲಿರುವ ಭಾರದ ಮ್ಯಾಗ್ನೆಟ್ ಅಷ್ಟು ಬೇಗ ನಿಲ್ಲುವುದಿಲ್ಲ, ಮುಂದಕ್ಕೆ ಜರುಗಲು ನೋಡುತ್ತದೆ. ಇವೆರಡರ ನಡುವೆ ಇರುವುದು ಅರ್ಧಚಂದ್ರಾಕಾರದ ಒಂದು ಸಣ್ಣ ಕೀ. ಅದು ಕತ್ತರಿಸಿದರೆ ಮ್ಯಾಗ್ನೆಟ್ ತಿರುಗುವ ದಿಕ್ಕಿನಲ್ಲೇ ಸ್ವಲ್ಪ ಮುಂದೆ ಹೋಗಿ ಕೂರುತ್ತದೆ. ಆಮೇಲೆ ಕಿಡಿ ಬೇಗ ಹಾರುತ್ತದೆ, ಮೇಲೇರುತ್ತಿರುವ ಪಿಸ್ಟನ್ನಿಗೆ ನಡುದಾರಿಯಲ್ಲೇ ಪೆಟ್ಟು ಬೀಳುತ್ತದೆ. ಹಿಂದಕ್ಕೆ ಒದೆಯುವುದೂ ಲೋಹದ ಸದ್ದೂ ಇದರಿಂದಲೇ. ಶಾಫ್ಟು 20 ಮಿಲಿಮೀಟರ್ ದಪ್ಪವಿದ್ದರೆ ಕೀಯಲ್ಲಿ ಅರ್ಧ ಮಿಲಿಮೀಟರ್ ಜರುಗಿದರೂ ಹತ್ತಿರ ಹತ್ತಿರ 3 ಡಿಗ್ರಿ ವ್ಯತ್ಯಾಸ. ಒಂದು ಮಿಲಿಮೀಟರಿಗೆ ಸುಮಾರು 6 ಡಿಗ್ರಿ.

ಗಂಗಾವತಿಯ ನನ್ನ ಗ್ಯಾರೇಜಿಗೆ ಬರುವುದು ಹೆಚ್ಚಾಗಿ ಭತ್ತದ ಗದ್ದೆಯ ಯಂತ್ರಗಳು. ಔಷಧಿ ಹೊಡೆಯುವ ಪಂಪುಗಳಲ್ಲಿ ಇದೇ ಕೀ ಇರುತ್ತದೆ. ಹಾಗಿದ್ದೂ, ನಿಮ್ಮಂಥದೇ ಒಂದು ಬೋಟು ಬಂದಾಗ ನಾನು ಎರಡು ದಿನ ಕಾರ್ಬ್ಯುರೇಟರಿನಲ್ಲಿ ಕಳೆದೆ, ಏಕೆಂದರೆ ಟೈಮಿಂಗ್ ಲೈಟ್ ಹಿಡಿದಾಗ ಗುರುತು ತನ್ನ ಜಾಗದಲ್ಲೇ ಇತ್ತು. ಯಾಕಿರುವುದಿಲ್ಲ? ಗುರುತನ್ನು ಕೊರೆದಿರುವುದು ಮ್ಯಾಗ್ನೆಟ್ಟಿನ ಮೇಲೆ, ಕಿಡಿಗೆ ಸೂಚನೆ ಕೊಡುವುದೂ ಅದೇ ಮ್ಯಾಗ್ನೆಟ್. ಎರಡೂ ಜೊತೆಯಾಗಿ ಜರುಗಿದ ಮೇಲೆ ಲೈಟಿಗೆ ತಪ್ಪು ಕಾಣುವುದು ಹೇಗೆ? ಮೂರನೆಯ ದಿನ ಮ್ಯಾಗ್ನೆಟ್ ಬಿಚ್ಚಿದೆ. ಕೀಯನ್ನು ಒರೆಸಿ ಅಂಗೈಯಲ್ಲಿಟ್ಟುಕೊಂಡರೆ ಕಣ್ಣಿಗೆ ಏನೂ ಕಾಣಲಿಲ್ಲ. ಅದರ ಪಕ್ಕದ ಮೈಮೇಲೆ ಉಗುರು ಎಳೆದಾಗ ನಡುವೆ ತಟ್ಟನೆ ತಡೆಯಿತು. ಅಲ್ಲೊಂದು ಸಣ್ಣ ಮೆಟ್ಟಿಲು ಎದ್ದಿತ್ತು.

ಆದ್ದರಿಂದ ಗುರುತನ್ನು ನಂಬದೆ ಪಿಸ್ಟನ್ನನ್ನೇ ಕೇಳಬೇಕು. ಎರಡೂ ಪ್ಲಗ್ ತೆಗೆದು ಅವುಗಳ ವೈರುಗಳನ್ನು ಎಂಜಿನ್ ಮೈಗೆ ಅರ್ತ್ ಮಾಡಿ. ಸುಮ್ಮನೆ ಬಿಟ್ಟು ತಿರುಗಿಸಿದರೆ ಸಿಡಿಐ ಕೆಡಬಹುದು, ಪೆಟ್ರೋಲ್ ಆವಿಯ ನಡುವೆ ಕಿಡಿ ಹಾರುವ ಅಪಾಯವೂ ಇದೆ. ಹಳೆಯ ಪ್ಲಗ್ಗಿನ ಒಳಭಾಗ ತೆಗೆದು, ತುದಿ ಮೊಂಡಾಗಿರುವ ಬೋಲ್ಟ್ ಕೂರಿಸಿ ಮೊದಲ ಸಿಲಿಂಡರಿಗೆ ಹಾಕಿ. ಕ್ರ್ಯಾಂಕನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ಪಿಸ್ಟನ್ ಬೋಲ್ಟಿಗೆ ತಾಗಿದಲ್ಲಿ, ಎಂಜಿನ್ ಮೈಮೇಲಿನ ಸ್ಥಿರ ಗುರುತಿನ ನೇರಕ್ಕೆ ಮ್ಯಾಗ್ನೆಟ್ಟಿನ ಮೇಲೆ ಗುರುತು ಹಾಕಿ. ಈಗ ಹಿಂದಕ್ಕೆ ತಿರುಗಿಸಿ, ಮತ್ತೆ ತಾಗಿದಲ್ಲಿ ಇನ್ನೊಂದು ಗುರುತು. ಇವೆರಡರ ಸರಿಯಾದ ನಡುವೆ ಇರುವುದೇ ಪಿಸ್ಟನ್ ತುದಿ ಮುಟ್ಟುವ ನಿಜವಾದ ಜಾಗ. ಆ ಜಾಗಕ್ಕೆಂದೇ ಕಂಪನಿ ಕೊರೆದ ಗುರುತು ಅದಕ್ಕೆ ಹೊಂದದಿದ್ದರೆ ಕೀ ಹೋಗಿದೆ.

ಹೊಂದಿದರೆ ಪಿಕಪ್ ಕಾಯಿಲಿನ (ಮ್ಯಾಗ್ನೆಟ್ಟಿನಿಂದ ಕಿಡಿಯ ಸೂಚನೆ ಪಡೆಯುವ ಸುರುಳಿ) ವೈರು, ಜೋಡಣೆಗಳಲ್ಲಿ ಪಾಚಿಯಂತೆ ಹಸಿರು ಕಿಲುಬು ಇದೆಯೇ ನೋಡಿ. ಪೆಟ್ರೋಲನ್ನೂ ಗಾಜಿನ ಬಾಟಲಿಗೆ ಹಿಡಿದು ಒಂದು ಗಂಟೆ ಇಡಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಟ್ಯಾಂಕಿಗೆ ನೀರು ಸೇರಿದರೆ ಎಥನಾಲ್ ಅದರೊಂದಿಗೆ ಬೆರೆತು ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಎಂಜಿನ್ ವೇಗವಾಗಿ ತಿರುಗಿಯೂ ಬೋಟು ಮುಂದೆ ಹೋಗದಿದ್ದರೆ ಮಾತ್ರ ಅದು ಜೆಟ್ ಪಂಪಿನ ದೋಷ. ನಿಮ್ಮದು ಹಾಗಲ್ಲ.

ಮ್ಯಾಗ್ನೆಟ್ ತೆಗೆಯಲು ಪುಲ್ಲರ್ ಬೇಕೇ ಬೇಕು. ಸುತ್ತಿಗೆಯಿಂದ ಬಡಿದರೆ ಒಳಗಿನ ಅಯಸ್ಕಾಂತದ ತುಂಡುಗಳು ಬಿಟ್ಟುಕೊಳ್ಳುತ್ತವೆ. ಹೊಸ ಕೀ ಕಂಪನಿಯದ್ದೇ ಆಗಿರಲಿ. ಗಟ್ಟಿ ಉಕ್ಕಿನಲ್ಲಿ ಅರದಿಂದ ಉಜ್ಜಿ ಮಾಡಿಸಿದರೆ ಮುಂದಿನ ಸಲ ಕೀಯ ಬದಲು ಶಾಫ್ಟಿನಲ್ಲಿ ಕೀ ಕೂರುವ ತೋಡೇ ಒಡೆಯುತ್ತದೆ. ಎಷ್ಟೋ ಜನ ತಪ್ಪುವುದು ಇನ್ನೊಂದು ವಿಷಯದಲ್ಲಿ: ಮ್ಯಾಗ್ನೆಟ್ಟನ್ನು ಹಿಡಿದಿಡುವುದು ಕೀ ಅಲ್ಲ, ಶಾಫ್ಟಿನ ಇಳಿಜಾರಾದ ಟೇಪರ್. ಕೀ ಬರೀ ಜಾಗ ತೋರಿಸುತ್ತದೆ. ಟೇಪರಿನಲ್ಲಿ ಗೀರುಗಳಿದ್ದರೆ ಕೀ ಇಲ್ಲದೆ, ನಯವಾದ ವಾಲ್ವ್ ಪೇಸ್ಟ್ ಹಚ್ಚಿ ಮ್ಯಾಗ್ನೆಟ್ಟನ್ನು ಕೈಯಿಂದ ಉಜ್ಜಿ ಹೊಂದಿಸಿ. ಪೇಸ್ಟಿನ ಒಂದು ಕಣವೂ ಉಳಿಯದಂತೆ ತೊಳೆದು ಪೂರ್ತಿ ಒಣಗಿಸಿ. ಗ್ರೀಸ್ ಹಚ್ಚಬಾರದು. ನಟ್ಟನ್ನು ಟಾರ್ಕ್ ವ್ರೆಂಚಿನಿಂದ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಮಾಡಿ. ಆಮೇಲೆ ಟೈಮಿಂಗ್ ಲೈಟ್ ಹಿಡಿದರೆ ಅದು ನಿಜ ಹೇಳುತ್ತದೆ.

ದಡದ ಮೇಲೆ ಓಡಿಸಿ ನೋಡುವುದಾದರೆ ನೀರಿನ ಪೈಪು ಜೋಡಿಸಿ. ಎಂಜಿನ್ ಸ್ಟಾರ್ಟ್ ಆದ ಮೇಲೆಯೇ ನೀರು ಬಿಡಬೇಕು, ನಿಲ್ಲಿಸುವಾಗ ಮೊದಲು ನೀರು ಬಂದ್ ಮಾಡಿ ನಂತರ ಎಂಜಿನ್. ತಿರುವುಮುರುವಾದರೆ ನೀರು ಸೈಲೆನ್ಸರಿನ ಮೂಲಕ ಸಿಲಿಂಡರಿಗೆ ನುಗ್ಗಬಹುದು. ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಕೋಣೆಯ ಮುಚ್ಚಳ ತೆರೆದಿಟ್ಟು ಪೆಟ್ರೋಲ್ ವಾಸನೆ ಹೋಗಲು ಬಿಡಿ.

ಒಂದು ಕಳವಳ ಉಳಿದಿದೆ. ಆ ಸದ್ದಿನೊಂದಿಗೆ ನೀವು ಎಷ್ಟು ಹೊತ್ತು ಓಡಿಸಿದ್ದೀರಿ? ತೆಗೆದ ಪ್ಲಗ್ಗುಗಳ ಬಿಳಿ ಪಿಂಗಾಣಿಯನ್ನು ಬಿಸಿಲಿಗೆ ಹಿಡಿದು ನೋಡಿ. ಬೆಳ್ಳಿಯ ಪುಡಿಯಂತೆ ಚುಕ್ಕೆಗಳಿದ್ದರೆ ಅದು ಪಿಸ್ಟನ್ನಿನ ಅಲ್ಯುಮಿನಿಯಂ ಕರಗಿ ಅಂಟಿದ್ದು. ಹಾಗಿದ್ದರೆ ಎರಡೂ ಸಿಲಿಂಡರಿನ ಕಂಪ್ರೆಷನ್ (ಒಳಗೆ ಏಳುವ ಒತ್ತಡ) ಅಳೆಯದೆ ಇನ್ನು ಸ್ಟಾರ್ಟ್ ಮಾಡಬೇಡಿ. ಪ್ಲಗ್ಗಿನದೂ ಕೀಯದೂ ಫೋಟೊ ಹಾಕಿ, ನೋಡಿ ಹೇಳುತ್ತೇನೆ.